ಲೆಕ್ಕ ಎಲ್ಲಿ ನಿಂತಿದೆಯೋ ಅಲ್ಲಿಂದ ಹೇಳಿಕೊಡಿ

ಗಡಿಭಾಗದ ಹಳ್ಳಿಗಳಲ್ಲಿ ಗಣಿತ, ಭೌತಶಾಸ್ತ್ರದ ಟ್ಯೂಷನ್ ಹೇಳುವವರಿಗೆ

ಹತ್ತನೇ ತರಗತಿಯ ಹುಡುಗನೊಬ್ಬ ನಿಮ್ಮಲ್ಲಿ ಟ್ಯೂಷನ್‌ಗೆ ಬರುತ್ತಾನೆ. ವರ್ಗಸಮೀಕರಣದ ಒಂದು ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿ ತೋರಿಸಿ 'ತಿಳೀತಾ?' ಎಂದು ಕೇಳುತ್ತೀರಿ. 'ತಿಳೀತು' ಎಂದು ತಲೆಯಾಡಿಸುತ್ತಾನೆ. ಮರುದಿನ ಅದೇ ಲೆಕ್ಕವನ್ನು ಅಂಕಿ ಬದಲಿಸಿ ಕೊಟ್ಟರೆ ಮೊದಲ ಸಾಲಿನಲ್ಲೇ ಪೆನ್ನು ನಿಲ್ಲುತ್ತದೆ. ನೀವು ಮತ್ತೆ ಮಾಡಿ ತೋರಿಸುತ್ತೀರಿ, ಅವನು ಮತ್ತೆ ತಲೆಯಾಡಿಸುತ್ತಾನೆ. ಹೀಗೆ ತಿಂಗಳುಗಳು ಕಳೆದು ಮಾರ್ಚ್ ಬರುತ್ತದೆ. 'ಈ ಹುಡುಗನಿಗೆ ಲೆಕ್ಕ ಹತ್ತುವುದಿಲ್ಲ' ಎಂದು ಮನೆಯವರೂ ನೀವೂ ತೀರ್ಮಾನಿಸಿಬಿಡುತ್ತೀರಿ.

ಈ ತೀರ್ಮಾನ ಬಹುತೇಕ ತಪ್ಪಾಗಿರುತ್ತದೆ. ಹುಡುಗ ನಿಂತದ್ದು ವರ್ಗಸಮೀಕರಣದಲ್ಲಿ ಅಲ್ಲ, ಐದಾರು ವರ್ಷ ಹಿಂದಿನ ಯಾವುದೋ ಪಾಠದಲ್ಲಿ. ಆ ಜಾಗವನ್ನು ಹುಡುಕಿ ಅಲ್ಲಿಂದ ಅವನನ್ನು ಮುಂದಕ್ಕೆ ಕರೆತರುವುದೇ ಟ್ಯೂಷನ್ನಿನ ನಿಜವಾದ ಕೆಲಸ.

ತುಂಗಭದ್ರೆಯ ದಡದ ನಾಗಲದಿನ್ನೆಯಿಂದ ಮಂತ್ರಾಲಯ, ಕೋಸಿಗಿ, ಕೌತಾಳಂ, ಆದೋನಿ, ಹೊಳಗುಂದ, ಹಾಲಹರ್ವಿಯವರೆಗಿನ ಸೀಮೆಯಲ್ಲಿ ಈ ಕೆಲಸಕ್ಕೆ ಇನ್ನೊಂದು ತೊಡಕಿದೆ. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಅಂದಿನಿಂದ ಇಲ್ಲಿನ ಅನೇಕ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪುಸ್ತಕದಲ್ಲಿ ಕನ್ನಡವೋ ಇಂಗ್ಲಿಷೋ ಎಂಬ ಸ್ಥಿತಿಯಲ್ಲಿ ಓದುತ್ತಾರೆ. ಹತ್ತನೇ ತರಗತಿ ಮುಗಿಸಿದ ಕನ್ನಡ ಮಾಧ್ಯಮದ ಮಗು ಇಂಟರ್‌ನಲ್ಲಿ ಎಂಪಿಸಿ (ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ) ಗುಂಪಿಗೆ ಸೇರಿದರೆ ಇಂಗ್ಲಿಷಿಗೋ ತೆಲುಗಿಗೋ ಹೊರಳಬೇಕು. ಬಳ್ಳಾರಿಗೋ ರಾಯಚೂರಿಗೋ ಹೋಗಿ ಪಿಯುಸಿ ವಿಜ್ಞಾನಕ್ಕೆ ಸೇರಿದರೂ ಅಲ್ಲಿ ಇಂಗ್ಲಿಷೇ ಎದುರಾಗುತ್ತದೆ.

ಗಣಿತಕ್ಕೆ ಕನ್ನಡ ಹೊಸದೇನಲ್ಲ. 12ನೇ ಶತಮಾನದಲ್ಲೇ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದಿದ್ದ. ಮಗುವಿಗೆ ತಿಳಿಯುವ ಮಾತಿನಲ್ಲಿ, ಅದು ಕಂಡ ವ್ಯವಹಾರದ ಮೂಲಕ ಹೇಳಿದರೆ ಲೆಕ್ಕ ಇಂದಿಗೂ ತಲೆಗೆ ಹೋಗುತ್ತದೆ. ಡಿಗ್ರಿ ಓದುತ್ತ ಊರಿನ ಮಕ್ಕಳಿಗೆ ಸಂಜೆ ಪಾಠ ಹೇಳುವ ಅಣ್ಣ ಅಕ್ಕಂದಿರಿಗೆ, ಓದು ಮುಗಿಸಿ ಮನೆಯಲ್ಲೇ ಟ್ಯೂಷನ್ ನಡೆಸುವವರಿಗೆ ಈ ಲೇಖನ.

ಮಗು ಯಾಕೆ ನಿಲ್ಲುತ್ತದೆ?

ಮೊದಲ ಕಾರಣ ಗಣಿತದ ಸ್ವಭಾವದಲ್ಲೇ ಇದೆ. ಸಮಾಜಶಾಸ್ತ್ರದಲ್ಲಿ ಒಂದು ಪಾಠ ತಪ್ಪಿಹೋದರೂ ಮುಂದಿನದನ್ನು ಓದಬಹುದು. ಭಿನ್ನರಾಶಿ ಬಾರದವನಿಗೆ ಬೀಜಗಣಿತ ಬರುವುದಿಲ್ಲ, ಬೀಜಗಣಿತ ಬಾರದವನಿಗೆ ಚಲನೆಯ ಸಮೀಕರಣ ಬರುವುದಿಲ್ಲ. ಭೌತಶಾಸ್ತ್ರದಲ್ಲಿ ಸೋಲುವ ಅನೇಕ ಮಕ್ಕಳಿಗೆ ವಿಷಯ ತಿಳಿದೇ ಇರುತ್ತದೆ, ಸೂತ್ರದಲ್ಲಿ ಬೆಲೆ ಹಾಕಿ ಬಿಡಿಸುವಾಗ ಎಡವುತ್ತಾರೆ.

ಎರಡನೆಯ ಕಾರಣ ಮನಸ್ಸಿನ ಮಿತಿ. ಒಂದೇ ಹೊತ್ತಿಗೆ ನಾಲ್ಕೈದು ಸಂಗತಿಗಳಿಗಿಂತ ಹೆಚ್ಚು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು ಯಾರಿಗೂ ಕಷ್ಟ. ಏಳೆಂಟಲ ಎಷ್ಟೆಂದು ನೆನಪು ಮಾಡಿಕೊಳ್ಳುವುದರಲ್ಲೇ ಆ ಜಾಗ ತುಂಬಿಹೋದರೆ ಲೆಕ್ಕದ ದಾರಿ ಯೋಚಿಸಲು ಸ್ಥಳವೇ ಉಳಿಯುವುದಿಲ್ಲ.

ಮೂರನೆಯದು, ನೋಡಿದ್ದನ್ನೇ ಕಲಿತದ್ದೆಂದು ಭಾವಿಸುವುದು. ಬೇರೆಯವರು ಲೆಕ್ಕ ಬಿಡಿಸುವಾಗ ಪ್ರತಿ ಸಾಲೂ ಸರಿಯೆನಿಸುತ್ತದೆ. ಆದರೆ ಮುಂದಿನ ಸಾಲು ಯಾವುದೆಂದು ಆರಿಸುವ ಕೆಲಸವನ್ನು ಮಗು ಮಾಡಿಯೇ ಇರುವುದಿಲ್ಲ. ಪರೀಕ್ಷೆಯಲ್ಲಿ ಬೇಕಾಗುವುದು ಅದೊಂದೇ.

ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಳಿಕೊಡುವುದರ ಬಲವೂ ಇಲ್ಲೇ ಇದೆ. ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಹೀಗೆ ಕಲಿತ ಗುಂಪಿನ ಸಾಧಾರಣ ವಿದ್ಯಾರ್ಥಿ ಮಾಮೂಲಿ ತರಗತಿಯ ಶೇ. 98ರಷ್ಟು ಮಕ್ಕಳಿಗಿಂತ ಮುಂದಿದ್ದ. ನಂತರದ ಅಧ್ಯಯನಗಳಲ್ಲಿ ಇಷ್ಟು ದೊಡ್ಡ ಲಾಭ ಕಂಡಿಲ್ಲವಾದರೂ ಲಾಭವಿದೆ ಎಂಬುದು ಗಟ್ಟಿಯಾಗಿದೆ. ತಪ್ಪು ಆದ ಕ್ಷಣದಲ್ಲೇ ಕಣ್ಣಿಗೆ ಬಿದ್ದು ಅಲ್ಲೇ ತಿದ್ದಿಕೊಳ್ಳುವುದರಿಂದ ಈ ಫಲ ಸಿಗುತ್ತದೆ. ಮೂವತ್ತು ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಶಾಲೆಯ ಪಾಠವನ್ನೇ ಮತ್ತೊಮ್ಮೆ ಒಪ್ಪಿಸಿದರೆ ಅದು ಸಿಗದು. ಒಂದು ಹೊತ್ತಿಗೆ ಆರರಿಂದ ಎಂಟು ಮಕ್ಕಳು ಸಾಕು.

1. ಮೊದಲ ದಿನ ಪಾಠ ಬೇಡ, ಪರಿಶೀಲನೆ ಮಾಡಿ

ಮಗು ಯಾವ ತರಗತಿಯಲ್ಲಿದ್ದರೂ ಈ ಆರು ಪ್ರಶ್ನೆಗಳನ್ನು ಕೊಡಿ. ಅಂಕ ಹಾಕಬೇಡಿ. ಉತ್ತರ ಸರಿಯೋ ತಪ್ಪೋ ಎನ್ನುವುದಕ್ಕಿಂತ ಯಾವ ತಪ್ಪು ಎನ್ನುವುದನ್ನು ನೋಡಿ.

ಅ) 7 × 8 ಎಷ್ಟು? ಬೆರಳು ಮಡಚಿ ಎಣಿಸಿದರೆ ಮಗ್ಗಿ ಗಟ್ಟಿಯಾಗಿಲ್ಲ. ದಿನಕ್ಕೆ ಐದು ನಿಮಿಷ ಮಗ್ಗಿಗೆ ಮೀಸಲಿಡಿ. ಹತ್ತನೇ ತರಗತಿಯವರಾದರೂ ಸಂಕೋಚ ಬೇಡ.

ಆ) 1/2 + 1/3 ಎಷ್ಟು? 2/5 ಎಂದು ಬರೆದರೆ ಮಗು ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿದೆ. 'ಅರ್ಧ ರೊಟ್ಟಿಗೆ ಇನ್ನಷ್ಟು ರೊಟ್ಟಿ ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುತ್ತದೆಯೇ?' ಎಂದು ಕೇಳಿ. 2/5 ಅರ್ಧಕ್ಕಿಂತ ಕಡಿಮೆ ಎಂಬುದನ್ನು ಅದೇ ಕಂಡುಕೊಳ್ಳಲಿ.

ಇ) −3 − 5 ಎಷ್ಟು? 8 ಎಂದರೆ 'ಮೈನಸ್ಸು ಮೈನಸ್ಸು ಪ್ಲಸ್ಸು' ಎಂಬ ಗುಣಾಕಾರದ ನಿಯಮವನ್ನು ಕೂಡಿಸುವಲ್ಲಿಗೆ ತಂದಿದೆ. ಸಂಖ್ಯಾರೇಖೆ ಎಳೆದು ಅದರ ಮೇಲೆ ಬೆರಳು ಸರಿಸಿ ಮಾಡಿಸಿ.

ಈ) 0.5 × 0.2 ಎಷ್ಟು? 1.0 ಎಂದರೆ ದಶಮಾಂಶ ಬಿಂದುವಿನ ಸ್ಥಾನಬೆಲೆ ತಿಳಿದಿಲ್ಲ. 'ಅರ್ಧದಲ್ಲಿ ಐದನೇ ಒಂದು ಪಾಲು' ಎಂದು ಮಾತಿನಲ್ಲಿ ಹೇಳಿಸಿದರೆ ಉತ್ತರ ಅರ್ಧಕ್ಕಿಂತ ಚಿಕ್ಕದಿರಬೇಕೆಂದು ತಾನೇ ಹೇಳುತ್ತದೆ.

ಉ) 2x + 3 = 11 ಆದರೆ x ಎಷ್ಟು? 5x = 11 ಎಂದು ಬರೆದರೆ x ಒಂದು ಸಂಖ್ಯೆ ಎಂಬುದೇ ಮನಸ್ಸಿಗೆ ಬಂದಿಲ್ಲ. 'ಒಂದು ಸಂಖ್ಯೆ ನೆನೆಸಿಕೊಂಡೆ, ಎರಡು ಪಟ್ಟು ಮಾಡಿ ಮೂರು ಕೂಡಿದೆ, ಹನ್ನೊಂದು ಬಂತು' ಎಂದು ಬಾಯಿಲೆಕ್ಕ ಕೊಡಿ. ತಟ್ಟನೆ ನಾಲ್ಕು ಎನ್ನುತ್ತದೆ. ಅದೇ ಮಾತನ್ನು ಆಮೇಲೆ ಅಕ್ಷರದಲ್ಲಿ ಬರೆಸಿ.

ಊ) ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ ಎಷ್ಟು ಮೀಟರ್? 10 ಮೀಟರ್. 36,000 ಮೀಟರನ್ನು 3,600 ಸೆಕೆಂಡಿನಿಂದ ಭಾಗಿಸಬೇಕೆಂದು ಹೊಳೆಯದಿದ್ದರೆ ಭೌತಶಾಸ್ತ್ರದ ಲೆಕ್ಕಕ್ಕೆ ಕೈಹಾಕುವ ಮುನ್ನ ಏಕಮಾನಗಳನ್ನು ಕಲಿಸಿ.

ಪ್ರತಿ ಮಗುವಿನ ಹೆಸರಿಗೂ ಒಂದು ಪುಟ ಇಡಿ. ಯಾವ ಪ್ರಶ್ನೆಯಲ್ಲಿ ನಿಂತಿತೆಂದು ಅಲ್ಲಿ ಬರೆದಿಡಿ. ಮುಂದಿನ ಮೂರು ವಾರಕ್ಕೆ ನಿಮ್ಮ ಪಾಠದ ಯೋಜನೆ ಅದೇ.

2. ಉತ್ತರ ಹೇಳಬೇಡಿ, ಮುಂದಿನ ಪ್ರಶ್ನೆ ಕೇಳಿ

ಆದೋನಿ ಹತ್ತಿಯ ಊರು. ಇಲ್ಲಿನ ಮಕ್ಕಳು ಹತ್ತಿ ಬಿಡಿಸುವುದನ್ನೂ ಮಾರುಕಟ್ಟೆಗೆ ಸಾಗಿಸುವುದನ್ನೂ ಕಂಡವರು. ಜಿನ್ನಿಂಗ್ ಮಿಲ್ಲಿನಲ್ಲಿ ಬೀಜ ಬೇರೆಯಾಗಿ ಅರಳೆ ಉಳಿಯುತ್ತದೆ, ಹತ್ತಿಯ ತೂಕದಲ್ಲಿ ಅರಳೆ ಸುಮಾರು ಮೂರನೇ ಒಂದು ಪಾಲು. ಅರಳೆಯ ಒಂದು ಬೇಲಿನ ತೂಕ 170 ಕೆ.ಜಿ. ಇದರಿಂದ ಶೇಕಡಾವಾರಿನ ಒಂದು ಲೆಕ್ಕ ಮಾಡಿ: 'ಅರಳೆಯ ಇಳುವರಿ ಶೇ. 34 ಇದ್ದರೆ ಒಂದು ಬೇಲಿಗೆ ಎಷ್ಟು ಹತ್ತಿ ಬೇಕು?'

ಬಹಳ ಮಕ್ಕಳು 170ರ ಶೇ. 34 ತೆಗೆದು 57.8 ಎಂದು ಬರೆಯುತ್ತಾರೆ. 'ತಪ್ಪು' ಎಂದು ಗೀಟು ಹೊಡೆಯುವ ಬದಲು ಮಾತು ಹೀಗೆ ಸಾಗಲಿ:

'ಬೀಜ ತೆಗೆದ ಮೇಲೆ ತೂಕ ಜಾಸ್ತಿ ಆಗ್ತೈತೋ ಕಡಿಮೆ ಆಗ್ತೈತೋ ತಮ್ಮಾ?'

'ಕಡಿಮೆ ಆಗ್ತೈತಿ ಅಣ್ಣಾ.'

'ಹಂಗಾದ್ರ 170 ಕೆ.ಜಿ. ಅರಳೆ ಬರಬೇಕಂದ್ರ ಮಿಲ್ಲಿಗೆ ಹಾಕೋ ಹತ್ತಿ ಅದಕ್ಕಿಂತ ಜಾಸ್ತಿ ಇರಬೇಕೋ, ಕಡಿಮೆ ಇರಬೇಕೋ?'

'ಜಾಸ್ತಿ ಇರಬೇಕು... ನಂದು 57 ಬಂದೈತಿ. ತಪ್ಪೈತಿ ಅಣ್ಣಾ.'

'ನೂರು ಕೆ.ಜಿ. ಹತ್ತಿ ಹಾಕಿದ್ರ ಅರಳೆ ಎಷ್ಟು?'

'ಮೂವತ್ನಾಲ್ಕು.'

'ಇನ್ನೂರು ಹಾಕಿದ್ರ?'

'ಅರವತ್ತೆಂಟು.'

ಇಷ್ಟಕ್ಕೆ ನಿಲ್ಲಿಸಿ ಪೆನ್ನು ಅವನಿಗೆ ಕೊಡಿ. ಐನೂರು ಕೆ.ಜಿ. ಎಂಬ ಉತ್ತರಕ್ಕೆ ತಾನೇ ಬರುತ್ತಾನೆ. ಆಮೇಲೆ 170 ÷ 0.34 ಎಂದು ಬರೆಯುವುದನ್ನು ಕಲಿಸಿ. ತನ್ನ ತಪ್ಪನ್ನು ತಾನೇ ಹಿಡಿದ ಮಗು ಆ ತಪ್ಪನ್ನು ಮರಳಿ ಮಾಡುವುದು ಕಡಿಮೆ.

ಕೇಳಬೇಕಾದ ಪ್ರಶ್ನೆಗಳು ಮೂರೇ: 'ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ?', 'ಉತ್ತರ ಅಂದಾಜು ಎಷ್ಟಿರಬಹುದು?', 'ಬಂದ ಉತ್ತರ ಸರಿ ಎಂದು ಹೇಗೆ ಹೇಳುತ್ತೀ?' ಹಂಗೇರಿ ಮೂಲದ ಗಣಿತಜ್ಞ ಜಾರ್ಜ್ ಪೋಲ್ಯ 1945ರ ತಮ್ಮ ಪುಸ್ತಕದಲ್ಲಿ ಸಮಸ್ಯೆ ಬಿಡಿಸುವುದಕ್ಕೆ ನಾಲ್ಕು ಹಂತ ಹೇಳಿದ್ದಾರೆ: ಸಮಸ್ಯೆಯನ್ನು ಅರ್ಥಮಾಡಿಕೊಳ್ಳುವುದು, ದಾರಿ ಯೋಚಿಸುವುದು, ಬಿಡಿಸುವುದು, ಹಿಂದಿರುಗಿ ನೋಡುವುದು. ನಮ್ಮ ತರಗತಿಗಳಲ್ಲಿ ಹೆಚ್ಚಾಗಿ ನಡೆಯುವುದು ಮೂರನೆಯದೊಂದೇ. ಉಳಿದ ಮೂರಕ್ಕೆ ಟ್ಯೂಷನ್ನಿನಲ್ಲಿ ಸಮಯ ಕೊಡಿ.

3. ಸೂತ್ರಕ್ಕಿಂತ ಮೊದಲು ಅರ್ಥ

ಎರಡು ಊರುಗಳ ನಡುವೆ 60 ಕಿ.ಮೀ. ದೂರ. ಬಸ್ಸು ಹೋಗುವಾಗ ಗಂಟೆಗೆ 30 ಕಿ.ಮೀ., ಬರುವಾಗ ಗಂಟೆಗೆ 60 ಕಿ.ಮೀ. ಓಡಿತು. ಸರಾಸರಿ ಎಷ್ಟು? ಎಲ್ಲರೂ 45 ಎನ್ನುತ್ತಾರೆ. ಹೋಗಲು ಎರಡು ಗಂಟೆ, ಬರಲು ಒಂದು ಗಂಟೆ. ಒಟ್ಟು 120 ಕಿ.ಮೀ., ಮೂರು ಗಂಟೆ. ಉತ್ತರ 40. ಬಸ್ಸು ನಿಧಾನವಾಗಿ ಹೆಚ್ಚು ಹೊತ್ತು ಓಡಿತು, ಹಾಗಾಗಿ ಸರಾಸರಿ 30ರ ಕಡೆಗೆ ವಾಲುತ್ತದೆ. ಸರಾಸರಿ ಜವವೆಂದರೆ ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸುವುದು ಎಂಬುದು ಈ ಒಂದು ಲೆಕ್ಕದಿಂದ ಮನಸ್ಸಿಗೆ ಇಳಿಯುತ್ತದೆ, ಸೂತ್ರವನ್ನು ಹತ್ತು ಸಲ ಬರೆಸಿದರೂ ಇಳಿಯುವುದಿಲ್ಲ.

ಆದೋನಿಯಿಂದ ರಾಯಚೂರಿಗೆ ರೈಲಿನಲ್ಲಿ ಸುಮಾರು 70 ಕಿ.ಮೀ. ಮಕ್ಕಳಿಗೆ ರೈಲಿನ ವೇಳಾಪಟ್ಟಿ ಕೊಟ್ಟು ಪ್ಯಾಸೆಂಜರ್ ಗಾಡಿ, ಎಕ್ಸ್‌ಪ್ರೆಸ್ ಗಾಡಿಗಳ ಸರಾಸರಿ ಜವ ಕಂಡುಹಿಡಿಯಲು ಹೇಳಿ. ದೂರ–ಕಾಲದ ನಕ್ಷೆ ಎಳೆಸಿದರೆ ಗಾಡಿ ನಿಲ್ದಾಣದಲ್ಲಿ ನಿಂತ ಹೊತ್ತು ಅಡ್ಡಗೆರೆಯಾಗಿ ಕಾಣುತ್ತದೆ. ನಕ್ಷೆಯ ಓರೆ ಎಂದರೇನೆಂದು ಆಗ ಬೇರೆ ವಿವರಿಸಬೇಕಾಗುವುದಿಲ್ಲ.

4. ಭೌತಶಾಸ್ತ್ರಕ್ಕೆ: ಮೊದಲು ಊಹೆ, ಆಮೇಲೆ ಪ್ರಯೋಗ, ಕೊನೆಗೆ ಸೂತ್ರ

ದಾರ, ಕಲ್ಲು, ಅಳತೆಪಟ್ಟಿ, ಮೊಬೈಲಿನ ಸ್ಟಾಪ್‌ವಾಚ್, ಇಷ್ಟಿದ್ದರೆ ಲೋಲಕದ ಪಾಠ ನಡೆಯುತ್ತದೆ.

- 'ದೊಡ್ಡ ಕಲ್ಲು ಕಟ್ಟಿದರೆ ಬೇಗ ತೂಗುತ್ತದೆಯೇ?' ಎಂದು ಕೇಳಿ. ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಬರೆದಿಡಲಿ. ಊಹೆ ಬರೆದವನಿಗೆ ಫಲಿತಾಂಶದ ಮೇಲೆ ಆಸಕ್ತಿ ಹುಟ್ಟುತ್ತದೆ.
- ದಾರ ಕಟ್ಟಿದ ಜಾಗದಿಂದ ಕಲ್ಲಿನ ನಡುಭಾಗಕ್ಕೆ ಸರಿಯಾಗಿ ಒಂದು ಮೀಟರ್ ಇರಲಿ. ಸ್ವಲ್ಪವೇ ಎಳೆದು ಬಿಡಿ.
- ಹೋಗಿ ಬಂದದ್ದನ್ನು ಒಂದು ಎಂದು ಎಣಿಸುತ್ತ 20 ತೂಗಾಟಕ್ಕೆ ಹಿಡಿದ ಸಮಯ ನೋಡಿ. ಸುಮಾರು 40 ಸೆಕೆಂಡ್ ಬರುತ್ತದೆ, ಅಂದರೆ ಒಂದಕ್ಕೆ 2 ಸೆಕೆಂಡ್. ಒಂದೇ ತೂಗಾಟವನ್ನು ಅಳೆದರೆ ಬೆರಳು ಒತ್ತುವ ತಡವೇ ದೊಡ್ಡ ತಪ್ಪಾಗುತ್ತದೆ. ಇಪ್ಪತ್ತರಲ್ಲಿ ಆ ತಪ್ಪು ಹಂಚಿಹೋಗುತ್ತದೆ.
- ಕಲ್ಲು ಬದಲಿಸಿ. ಸಮಯ ಬದಲಾಗುವುದಿಲ್ಲ.
- ದಾರವನ್ನು 25 ಸೆಂ.ಮೀ.ಗೆ ಇಳಿಸಿ. ಉದ್ದ ಕಾಲುಭಾಗವಾದರೂ ಸಮಯ ಅರ್ಧಕ್ಕೆ, ಅಂದರೆ 1 ಸೆಕೆಂಡಿಗೆ ಮಾತ್ರ ಇಳಿಯುತ್ತದೆ. ವರ್ಗಮೂಲ ಎಲ್ಲಿಂದ ಬಂತೆಂದು ಈಗ ಸೂತ್ರ ತೋರಿಸಿ. ತಮ್ಮದೇ ಅಳತೆಯಿಂದ ಮಕ್ಕಳು ಗುರುತ್ವ ವೇಗೋತ್ಕರ್ಷದ ಬೆಲೆಯನ್ನು 9.8ರ ಆಸುಪಾಸಿನಲ್ಲಿ ಪಡೆಯುತ್ತಾರೆ.

ಇನ್ನು ಒತ್ತಡದ ಪಾಠ. ಇದಕ್ಕೆ ತುಂಗಭದ್ರೆಗಿಂತ ಒಳ್ಳೆಯ ಉದಾಹರಣೆ ಈ ಸೀಮೆಯಲ್ಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋದದ್ದು ನದಿಯ ಎರಡೂ ದಡದ ಜನರಿಗೆ ನೆನಪಿದೆ. ಒಂದು ಗೇಟಿನ ಮೇಲೆ ನೀರು ಎಷ್ಟು ಬಲ ಹಾಕುತ್ತದೆ? ಮಕ್ಕಳೊಂದಿಗೆ ಕೂತು ಲೆಕ್ಕ ಹಾಕಿ.

ಗೇಟು 60 ಅಡಿ ಅಗಲ, 20 ಅಡಿ ಎತ್ತರ. ಅಂದಾಜು 18 ಮೀಟರ್, 6 ಮೀಟರ್ ಎನ್ನಿ. ನೀರು ಗೇಟಿನ ತುದಿಯವರೆಗೆ ನಿಂತಿದೆ ಎಂದಿಟ್ಟುಕೊಳ್ಳಿ. ಆಳ, ಸಾಂದ್ರತೆ, ಗುರುತ್ವ ಮೂರನ್ನೂ ಗುಣಿಸಿದರೆ ಒತ್ತಡ ಸಿಗುತ್ತದೆ. ಮೇಲ್ತುದಿಯಲ್ಲಿ ಆಳ ಸೊನ್ನೆ, ಹಾಗಾಗಿ ನೀರಿನ ಒತ್ತಡವೂ ಸೊನ್ನೆ. ತಳದಲ್ಲಿ 6 ಮೀಟರ್ ಆಳಕ್ಕೆ ಸುಮಾರು 60,000 ಪಾಸ್ಕಲ್. ಒತ್ತಡ ಆಳದೊಂದಿಗೆ ಒಂದೇ ಸಮನಾಗಿ ಏರುವುದರಿಂದ ಸರಾಸರಿ 30,000 ಪಾಸ್ಕಲ್. ಗೇಟಿನ ವಿಸ್ತೀರ್ಣ 108 ಚದರ ಮೀಟರ್. ಎರಡನ್ನೂ ಗುಣಿಸಿದರೆ ಬಲ 32,40,000 ನ್ಯೂಟನ್, ಅಂದರೆ ಸುಮಾರು 324 ಟನ್ ತೂಕಕ್ಕೆ ಸಮ.

ಈಗ ಒಂದು ಪ್ರಶ್ನೆ ಹಾಕಿ: 'ಜಲಾಶಯ ಇನ್ನೂ ಹತ್ತು ಮೈಲಿ ಉದ್ದವಿದ್ದಿದ್ದರೆ ಗೇಟಿನ ಮೇಲಿನ ಬಲ ಹೆಚ್ಚುತ್ತಿತ್ತೇ?' ಹೆಚ್ಚಿನವರು ಹೌದೆನ್ನುತ್ತಾರೆ. ಲೆಕ್ಕದಲ್ಲಿ ಜಲಾಶಯದ ಉದ್ದ ಎಲ್ಲಾದರೂ ಬಂತೇ ಎಂದು ಹುಡುಕಲು ಹೇಳಿ. ನಿಂತ ನೀರಿನ ಒತ್ತಡ ಆಳವನ್ನು ಅವಲಂಬಿಸಿದೆ, ನೀರು ಎಷ್ಟು ದೂರ ಹರಡಿದೆ ಎಂಬುದನ್ನಲ್ಲ. ಹಳೆಯ ಪ್ಲಾಸ್ಟಿಕ್ ಬಾಟಲಿಗೆ ಮೂರು ಎತ್ತರಗಳಲ್ಲಿ ತೂತು ಕೊರೆದು ನೀರು ತುಂಬಿಸಿದರೆ ಕೆಳಗಿನ ತೂತಿನಿಂದ ನೀರು ಹೆಚ್ಚು ರಭಸದಿಂದ ಚಿಮ್ಮುವುದನ್ನು ಎಲ್ಲರೂ ನೋಡಬಹುದು.

ವಿದ್ಯುತ್ ಸಾಮರ್ಥ್ಯದ ಪಾಠಕ್ಕೆ ಹೊಲದ ಮೋಟಾರು ಇದೆ. 1 ಎಚ್‌ಪಿ ಎಂದರೆ 746 ವ್ಯಾಟ್. 5 ಎಚ್‌ಪಿ ಮೋಟಾರು ಪೂರ್ಣ ಸಾಮರ್ಥ್ಯದಲ್ಲಿ 6 ಗಂಟೆ ಓಡಿದರೆ ಮಾಡುವ ಕೆಲಸ 22 ಯೂನಿಟ್‌ಗಿಂತ ತುಸು ಹೆಚ್ಚು. ಮೋಟಾರು ಎಳೆಯುವ ಕರೆಂಟು ಇದಕ್ಕಿಂತ ಹೆಚ್ಚಿರುತ್ತದೆ, ಕಾರಣ ಒಂದಿಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ. ದಕ್ಷತೆಯ ಪಾಠಕ್ಕೆ ಅದೇ ಪೀಠಿಕೆ.

5. ಪದಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿ

ವಿಷಯ ತಿಳಿದ ಮಗು ಪದ ತಿಳಿಯದೆ ಪ್ರಶ್ನೆಯನ್ನೇ ಬಿಟ್ಟುಬರುವುದು ಈ ಭಾಗದಲ್ಲಿ ಆಗುತ್ತಲೇ ಇರುತ್ತದೆ. ಪಾಠ ಕನ್ನಡದಲ್ಲೇ ಆಗಲಿ. ಜೊತೆಗೆ ಪ್ರತಿ ವಾರ ಐದು ಪದಗಳನ್ನು ಮೂರೂ ಭಾಷೆಯಲ್ಲಿ ಕಲಿಸಿ. ಕನ್ನಡ, ತೆಲುಗು, ಇಂಗ್ಲಿಷ್ ಈ ಕ್ರಮದಲ್ಲಿ ಕೆಲವು:

- ಜವ – ವಡಿ – ಸ್ಪೀಡ್
- ವೇಗ – ವೇಗಂ – ವೆಲಾಸಿಟಿ
- ವೇಗೋತ್ಕರ್ಷ – ತ್ವರಣಂ – ಆಕ್ಸಲರೇಷನ್
- ಸಂವೇಗ – ದ್ರವ್ಯವೇಗಂ – ಮೊಮೆಂಟಮ್
- ಒತ್ತಡ – ಪೀಡನಂ – ಪ್ರೆಷರ್
- ಕೆಲಸ – ಪನಿ – ವರ್ಕ್
- ರೋಧ – ನಿರೋಧಂ – ರೆಸಿಸ್ಟೆನ್ಸ್
- ಮಸೂರ – ಕಟಕಂ – ಲೆನ್ಸ್
- ಅಂಶ – ಲವಂ – ನ್ಯೂಮರೇಟರ್
- ಛೇದ – ಹಾರಂ – ಡಿನಾಮಿನೇಟರ್
- ವಿಸ್ತೀರ್ಣ – ವೈಶಾಲ್ಯಂ – ಏರಿಯಾ
- ಸುತ್ತಳತೆ – ಚುಟ್ಟುಕೊಲತ – ಪೆರಿಮೀಟರ್

ಕನ್ನಡದ ಕಡೆ ಮಗುವಿನ ಪುಸ್ತಕದಲ್ಲಿ ಬೇರೆ ಪದವಿದ್ದರೆ ಪುಸ್ತಕದ್ದನ್ನೇ ಬರೆಯಿರಿ, ಪ್ರಶ್ನೆಪತ್ರಿಕೆಯಲ್ಲಿ ಬರುವುದು ಅದೇ. ಒಂಬತ್ತನೇ ತರಗತಿಯಿಂದಲೇ ಈ ಪಟ್ಟಿ ಶುರುವಾದರೆ ಇಂಟರ್ ಅಥವಾ ಪಿಯುಸಿಯ ಮೊದಲ ಮೂರು ತಿಂಗಳ ಗಾಬರಿ ತಪ್ಪುತ್ತದೆ. ಹತ್ತನೇ ತರಗತಿ ಮುಗಿದ ಬೇಸಿಗೆ ರಜೆಯಲ್ಲಿ ಚಲನೆಯ ಹತ್ತು ಲೆಕ್ಕಗಳನ್ನು ಇಂಗ್ಲಿಷಿನಲ್ಲಿ ಓದಿಸಿ ಕನ್ನಡದಲ್ಲಿ ಹೇಳಿಸಿ.

6. ಒಂದು ಗಂಟೆಯನ್ನು ಹೀಗೆ ಹಂಚಿ

- ಮೊದಲ 10 ನಿಮಿಷ: ಪುಸ್ತಕ ಮುಚ್ಚಿ ಹಳೆಯ ಪಾಠದ ನಾಲ್ಕು ಪ್ರಶ್ನೆ. ಒಂದು ನಿನ್ನೆಯದು, ಎರಡು ಕಳೆದ ವಾರದ್ದು, ಒಂದು ಕಳೆದ ತಿಂಗಳದ್ದು.
- ಮುಂದಿನ 15 ನಿಮಿಷ: ಹೊಸ ವಿಷಯ. ಒಂದು ಲೆಕ್ಕ ಪೂರ್ತಿ ಬಿಡಿಸಿ ತೋರಿಸಿ. ಎರಡನೆಯದನ್ನು ಅರ್ಧ ಬಿಡಿಸಿ ಉಳಿದದ್ದನ್ನು ಮಕ್ಕಳಿಗೆ ಬಿಡಿ. ಮೂರನೆಯದು ಪೂರ್ತಿ ಅವರದು.
- 25 ನಿಮಿಷ: ಮಕ್ಕಳು ಬಿಡಿಸುತ್ತಾರೆ, ನೀವು ಒಬ್ಬೊಬ್ಬರ ಪಕ್ಕ ಕೂತು ನೋಡುತ್ತೀರಿ. ಟ್ಯೂಷನ್ನಿನ ಜೀವಾಳ ಈ 25 ನಿಮಿಷ.
- ಕೊನೆಯ 10 ನಿಮಿಷ: ತಪ್ಪಿನ ನೋಟ್‌ಬುಕ್. ಇಂದು ಮಾಡಿದ ಒಂದು ತಪ್ಪು, ಅದರ ಕಾರಣ, ಸರಿಯಾದ ದಾರಿ, ಮೂರನ್ನೂ ಮಗುವೇ ತನ್ನ ಮಾತಿನಲ್ಲಿ ಬರೆಯಬೇಕು.

ಮೊದಲ ಹತ್ತು ನಿಮಿಷವನ್ನು ಎಂದೂ ಬಿಡಬೇಡಿ. ಕಲಿತದ್ದು ಮೊದಲ ಕೆಲವು ದಿನಗಳಲ್ಲೇ ಬಹುಪಾಲು ಮರೆತುಹೋಗುತ್ತದೆಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲೇ ತೋರಿಸಿದ್ದರು. ನಡುನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ ನೆನಪಿನಿಂದ ಬರೆಸಿದರೆ ಕಲಿತದ್ದು ಉಳಿಯುತ್ತದೆ. ಓದಿದ್ದನ್ನೇ ಮತ್ತೆ ಓದಿಸುವುದಕ್ಕಿಂತ ಇದು ಎಷ್ಟೋ ಮೇಲು.

7. ಗುಳೆ ಹೋಗುವ ಮಕ್ಕಳನ್ನು ಕೈಬಿಡಬೇಡಿ

ಮುಂಗಾರು ಬೆಳೆ ಮುಗಿದ ಮೇಲೆ ಆದೋನಿ, ಕೋಸಿಗಿ, ಕೌತಾಳಂ ಭಾಗದ ಎಷ್ಟೋ ಕುಟುಂಬಗಳು ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಂಟೂರಿನ ಕಡೆಗೋ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೋ ಗುಳೆ ಹೋಗುತ್ತವೆ. ಹೋದ ಮಗು ಮರಳುವ ಹೊತ್ತಿಗೆ ತರಗತಿ ಎಲ್ಲೋ ಮುಂದೆ ಹೋಗಿರುತ್ತದೆ. ನೀವು ಮಾಡಬಹುದಾದದ್ದು ಇಷ್ಟಿದೆ:

- ಹೊರಡುವ ಮುನ್ನ ಬಿಡಿಸಿ ತೋರಿಸಿದ ಇಪ್ಪತ್ತು ಲೆಕ್ಕ, ಅದೇ ಬಗೆಯ ಬಿಡಿಸದ ಇಪ್ಪತ್ತು ಲೆಕ್ಕ ಇರುವ ನೋಟ್‌ಬುಕ್ ಕೊಡಿ. ಹೊಸ ಪಾಠ ಬೇಡ, ಕಲಿತದ್ದು ಮಾಸದಿದ್ದರೆ ಸಾಕು.
- ಮನೆಯವರ ಫೋನಿಗೆ ವಾರಕ್ಕೊಮ್ಮೆ ಎರಡು ಲೆಕ್ಕ ಕಳಿಸಿ. ಬಿಡಿಸಿದ ಪುಟದ ಫೋಟೊ ತರಿಸಿಕೊಂಡು ತಪ್ಪು ಕಂಡರೆ ದನಿಯಲ್ಲೇ ಹೇಳಿ ಕಳಿಸಿ.
- ಊರಲ್ಲಿ ಅಜ್ಜಿ ತಾತ ಇದ್ದರೆ, ಇಲ್ಲವೇ ಹತ್ತಿರದಲ್ಲಿ ಹಂಗಾಮಿ ವಸತಿನಿಲಯ ನಡೆಯುತ್ತಿದ್ದರೆ, ಹತ್ತನೇ ತರಗತಿಯ ಮಗುವನ್ನು ಬಿಟ್ಟು ಹೋಗುವಂತೆ ತಂದೆತಾಯಿಯ ಜೊತೆ ಮಾತಾಡಿ. ಶಾಲೆಯ ಶಿಕ್ಷಕರನ್ನೂ ಜೊತೆಗೆ ಕರೆದೊಯ್ಯಿರಿ.
- ಮರಳಿ ಬಂದವನನ್ನು ನೇರವಾಗಿ ಗುಂಪಿಗೆ ಸೇರಿಸಬೇಡಿ. ಒಂದು ವಾರ ಬೇರೆ ಕೂರಿಸಿಕೊಂಡು ಆರು ಪ್ರಶ್ನೆಗಳ ಪರಿಶೀಲನೆಯಿಂದ ಮತ್ತೆ ಶುರು ಮಾಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

- 'ತಿಳೀತಾ?' ಎಂದು ಕೇಳುವುದು. ಇದಕ್ಕೆ ಉತ್ತರ ಯಾವಾಗಲೂ 'ಹೂಂ'. 'ಹೆಂಗ ಮಾಡಿದಿ, ಹೇಳು' ಎಂದು ಕೇಳಿ.
- ಶಾಲೆಗಿಂತ ಮುಂದೆ ಓಡುವುದು. ತಂದೆತಾಯಿಗೆ ಇದು ಹೆಮ್ಮೆ ಎನಿಸುತ್ತದೆ, ಮಗುವಿಗೆ ಎರಡೂ ಕಡೆ ಅರ್ಧಂಬರ್ಧವಾಗುತ್ತದೆ.
- ಗೈಡು, ಹಳೆಯ ಪ್ರಶ್ನೆಪತ್ರಿಕೆಗಳನ್ನಷ್ಟೇ ಬಾಯಿಪಾಠ ಮಾಡಿಸುವುದು. ಅಂಕಿ ಬದಲಾದ ದಿನ ಇದು ಕೈಕೊಡುತ್ತದೆ.
- ಏಕಮಾನ ಬರೆಯದಿದ್ದರೂ ಸುಮ್ಮನಿರುವುದು. ಭೌತಶಾಸ್ತ್ರದಲ್ಲಿ ಏಕಮಾನವಿಲ್ಲದ ಉತ್ತರಕ್ಕೆ ಅರ್ಥವಿಲ್ಲ.
- ಚುರುಕಾದವನಿಗೆ ಮಾತ್ರ ಬೋರ್ಡು ಬಿಡುವುದು. ಹಿಂದೆ ಕೂತ ಹುಡುಗಿಗೂ ವಾರಕ್ಕೊಮ್ಮೆಯಾದರೂ ಚಾಕ್‌ಪೀಸು ಸಿಗಬೇಕು.

ಎಚ್ಚರಿಕೆಗಳು

- ಹೊಡೆಯುವುದು, ಹೀಯಾಳಿಸುವುದು ಬೇಡವೇ ಬೇಡ. ಮಕ್ಕಳ ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಟ್ಯೂಷನ್ ಮನೆಯಲ್ಲೂ ಅದೇ ನಿಯಮ ಪಾಲಿಸಿ. ಹೆದರಿದ ಮಗು ತನ್ನ ತಪ್ಪನ್ನು ಮುಚ್ಚಿಡುತ್ತದೆ, ತಪ್ಪು ಕಾಣದಿದ್ದರೆ ನಿಮ್ಮ ಕೆಲಸ ಆಗುವುದಿಲ್ಲ.
- ಅದೇ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಾಲೆಯ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವಂತಿಲ್ಲ. ನೀವು ಶಿಕ್ಷಕರಾಗಿದ್ದರೆ ಶಾಲೆಯಲ್ಲೇ ಹೆಚ್ಚುವರಿ ತರಗತಿ ನಡೆಸಿ.
- ವಿದ್ಯುತ್ತಿನ ಪ್ರಯೋಗಕ್ಕೆ ಟಾರ್ಚಿನ ಸೆಲ್ಲು ಮಾತ್ರ. ಮನೆಯ ಕರೆಂಟು, ಹೊಲದ ಸ್ಟಾರ್ಟರ್ ಹತ್ತಿರ ಮಕ್ಕಳನ್ನು ಬಿಡಬೇಡಿ. ಮಸೂರದ ಮೂಲಕ ಸೂರ್ಯನನ್ನು ನೋಡಲು ಬಿಡಬೇಡಿ.
- ನೀರಿನ ಪ್ರಯೋಗ ಬಕೆಟ್ಟಿನಲ್ಲೇ ಆಗಲಿ. ನದಿಗೋ ಕಾಲುವೆಗೋ ಬಾವಿಗೋ ಕರೆದೊಯ್ಯಬೇಡಿ.
- ಪಾಠ ಬಾಗಿಲು ತೆರೆದ ಜಾಗದಲ್ಲಿ ನಡೆಯಲಿ. ಕತ್ತಲಾಗುವ ಮುನ್ನ ಬಿಡಿ. ಹೊತ್ತಾದರೆ ಹೆಣ್ಣುಮಕ್ಕಳನ್ನು ಮನೆಯವರು ಬಂದು ಕರೆದೊಯ್ಯುವ ವ್ಯವಸ್ಥೆ ಇರಲಿ.

ಪರೀಕ್ಷೆ ಹತ್ತಿರ ಬಂದಾಗ

ಆಂಧ್ರದ ಹತ್ತನೇ ತರಗತಿ ಪರೀಕ್ಷೆಯಲ್ಲಿ ಗಣಿತಕ್ಕೆ 100 ಅಂಕ. ಭೌತಶಾಸ್ತ್ರ, ರಸಾಯನಶಾಸ್ತ್ರ ಸೇರಿದ ಭೌತವಿಜ್ಞಾನಕ್ಕೆ 50. ತೀರಾ ಹಿಂದುಳಿದ ಮಗುವಿಗೆ ಕೊನೆಯ ಎರಡು ತಿಂಗಳಲ್ಲಿ ಇಡೀ ಪುಸ್ತಕ ತುಂಬಲು ಹೋಗಬೇಡಿ. ಸಂಖ್ಯಾಶಾಸ್ತ್ರ, ಸಂಭವನೀಯತೆ, ಸಮಾಂತರ ಶ್ರೇಢಿ, ನಿರ್ದೇಶಾಂಕ ರೇಖಾಗಣಿತದಂಥ, ಹಳೆಯ ಪಾಠಗಳ ಆಸರೆ ಕಡಿಮೆ ಬೇಕಾದ ಅಧ್ಯಾಯಗಳನ್ನು ಗಟ್ಟಿ ಮಾಡಿ. ಭೌತವಿಜ್ಞಾನದಲ್ಲಿ ಕಿರಣಚಿತ್ರ, ಓಮನ ನಿಯಮದ ಲೆಕ್ಕ, ಮಂಡಲದ ಚಿತ್ರಗಳನ್ನು ಕೈಯಲ್ಲಿ ಎಳೆಸಿ. ವಾರಕ್ಕೊಮ್ಮೆ ಗಡಿಯಾರ ಇಟ್ಟು ಪೂರ್ಣ ಪ್ರಶ್ನೆಪತ್ರಿಕೆ ಬರೆಸಿ. ಬರೆದದ್ದನ್ನು ಮರುದಿನವೇ ತಿದ್ದಿ ಕೊಡಿ. ಪಾಠ ಅರ್ಥವಾಗದೆ ಉಳಿದ ಕಡೆ ದೀಕ್ಷಾ ಆ್ಯಪಿನಲ್ಲಿ ಕನ್ನಡದ ಪಾಠಗಳನ್ನು ಹುಡುಕಿ ಜೊತೆಯಲ್ಲಿ ಕೂತು ನೋಡಿ, ಮಗುವಿನ ಕೈಗೆ ಫೋನು ಕೊಟ್ಟು ಎದ್ದು ಹೋಗಬೇಡಿ.

ಮಗುವಿನ ಪ್ರಗತಿಯನ್ನು ಅಂಕದಿಂದಷ್ಟೇ ಅಳೆಯಬೇಡಿ. ತಪ್ಪಿನ ನೋಟ್‌ಬುಕ್ಕಿನಲ್ಲಿ ಹಳೆಯ ತಪ್ಪು ಮರುಕಳಿಸುವುದು ನಿಂತಿದೆಯೇ, ಕೇಳದೆಯೇ ಏಕಮಾನ ಬರೆಯುತ್ತಿದೆಯೇ, 'ಈ ಉತ್ತರ ಸರಿ ಕಾಣ್ತಿಲ್ಲ' ಎಂದು ತಾನಾಗಿ ಹೇಳುತ್ತಿದೆಯೇ ಎಂದು ನೋಡಿ. ಈ ಮೂರು ಬಂದ ಮೇಲೆ ಅಂಕ ತಾನಾಗಿ ಬರುತ್ತದೆ.

ಇಂಟರ್ ಅಥವಾ ಡಿಗ್ರಿ ಓದಿದ ಒಬ್ಬರಾದರೂ ಈಗ ಹೆಚ್ಚುಕಡಿಮೆ ಪ್ರತಿ ಹಳ್ಳಿಯಲ್ಲಿದ್ದಾರೆ. ನೀವು ಅಂಥವರಾಗಿದ್ದರೆ ಈ ಸಂಜೆಯೇ ಶುರು ಮಾಡಿ. ಮಕ್ಕಳು ಆರೇ ಜನ ಇರಲಿ, ಸಮಯ ಒಂದೇ ಗಂಟೆ ಇರಲಿ. ಲೆಕ್ಕ ಬಾರದ ಮಗು ಎಂದು ಯಾರನ್ನೂ ಕರೆಯಬೇಡಿ. ಅದು ಎಲ್ಲಿ ನಿಂತಿದೆ ಎಂದು ಹುಡುಕಿ, ಅಲ್ಲಿಂದ ಹೇಳಿಕೊಡಿ.